ತೊಟ್ಟಿಮನೆಗೆ ಹಳೇ ರೌಟರ್: ಮೂರು ದಾರಿ, ಒಂದೇ ಕಿಟಕಿ

ಮೂಡಿಗೆರೆ ಹತ್ತಿರದ ನಮ್ಮದು ಹಳೇ ತೊಟ್ಟಿಮನೆ. ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಫೈಬರ್ ಬಂದಿರುವುದು ಜಗುಲಿ ಪಕ್ಕದ ಕೋಣೆಗೆ. ಮಗಳು ಓದುವುದು ತೊಟ್ಟಿಯ ಆಚೆ, ಹಿಂದಿನ ಕೋಣೆಯಲ್ಲಿ. ಅಲ್ಲಿಗೆ ವೈಫೈ ಸರಿಯಾಗಿ ತಲುಪುತ್ತಿರಲಿಲ್ಲ. ಜಡಿಮಳೆಯಲ್ಲಿ ಅವಳು ಫೋನ್ ಹಿಡಿದು ಜಗುಲಿಗೆ ಬಂದು ಕೂರುವುದು ನೋಡಿ ಬೇಜಾರಾಗುತ್ತಿತ್ತು. ಗೋಡೆ ಕೊರೆದು ಕೇಬಲ್ ಎಳೆಯಲು ಅಪ್ಪ ಒಪ್ಪಲಿಲ್ಲ. ಅಟ್ಟದಲ್ಲಿ ಎರಡು ಹಳೇ ರೌಟರ್ ಇದ್ದವು. ಸಣ್ಣದರಲ್ಲಿ 2.4 ಗಿಗಾಹರ್ಟ್ಸ್ ವೈಫೈ ಬ್ಯಾಂಡ್ ಮಾತ್ರ, ದೊಡ್ಡದರಲ್ಲಿ 5 ಕೂಡ ಇದೆ.

ಮೊದಲು ಸಣ್ಣದನ್ನು ವಿಸ್ಪ್ ಮೋಡ್‌ಗೆ ಹಾಕಿದೆ, ಅಂದರೆ ಮನೆಯ ವೈಫೈಯನ್ನೇ ಅದು ಇಂಟರ್ನೆಟ್ ಲೈನ್ ಅಂತ ಹಿಡಿಯುತ್ತದೆ. ಮನೆಯ ವೈಫೈ ಹೆಸರು ಆರಿಸಿ ಪಾಸ್‌ವರ್ಡ್ ಕೊಟ್ಟರೆ ಮುಗೀತು, ಹತ್ತು ನಿಮಿಷದ ಕೆಲಸ. ಆದರೆ ಈ ಮೋಡ್‌ನಲ್ಲಿ ರೌಟರ್ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ಮುಂದಿನ ಕೋಣೆಯ ಪ್ರಿಂಟರ್ ಹಿಂದಿದ್ದ ಫೋನಿಗೆ ಕಾಣಲೇ ಇಲ್ಲ.

ಅದೇ ರೌಟರನ್ನು ಡಬ್ಲ್ಯೂಡಿಎಸ್‌ಗೆ ಬದಲಿಸಿದೆ, ಇದು ಎರಡು ರೌಟರ್‌ಗಳನ್ನು ತಂತಿಯಿಲ್ಲದೆ ಒಂದೇ ನೆಟ್‌ವರ್ಕ್ ಆಗಿ ಸೇರಿಸುವ ಮೋಡ್. ಅದರ ಡಿಎಚ್‌ಸಿಪಿ (ಫೋನ್, ಪ್ರಿಂಟರ್‌ಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಅದಕ್ಕೆ ವಿಳಾಸ 192.168.1.2 ಕೊಟ್ಟೆ. ಪ್ರಿಂಟರ್ ಸಿಕ್ಕಿತು. ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. ಕರೆಂಟ್ ಹೋಗಿ ಬಂದಾಗ ಮುಖ್ಯ ರೌಟರ್ ಬೇರೆ ಚಾನೆಲ್ ಹಿಡಿಯಿತು, ಕೊಂಡಿ ಕಡಿಯಿತು. ಎರಡನ್ನೂ ಚಾನೆಲ್ 6ಕ್ಕೆ ಕಟ್ಟಿಹಾಕಿದ ಮೇಲೆ ಸರಿಹೋಯಿತು. ನೀವೂ ಚಾನೆಲನ್ನು ಆಟೋಗೆ ಬಿಡಬೇಡಿ. ಡಬ್ಲ್ಯೂಡಿಎಸ್‌ಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ನಿಯಮ ಇಲ್ಲ, ಹಾಗಾಗಿ ಎಲ್ಲ ಜೋಡಿಯೂ ಹೊಂದುವುದಿಲ್ಲ. ವೇಗದ ಕಥೆ ಬೇರೆ. ಒಂದೇ ರೇಡಿಯೋ ಕೇಳಬೇಕು, ಅದೇ ತಿರುಗಿ ಹೇಳಬೇಕು, ಅರ್ಧ ಅಲ್ಲೇ ಹೋಗುತ್ತದೆ. 50 ಎಂಬಿಪಿಎಸ್ ಪ್ಲಾನ್‌ನಲ್ಲಿ ಹಿಂದಿನ ಕೋಣೆಗೆ ಸಿಕ್ಕಿದ್ದು 14.

ಸಣ್ಣದಕ್ಕೆ ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ರೌಟರ್ ತಂತ್ರಾಂಶ ಹಾಕೋಣ ಅಂದುಕೊಂಡಿದ್ದೆ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವ ಇಂಥ ರೌಟರ್‌ಗಳಿಗೆ ಅದರ ಹೊಸ ಆವೃತ್ತಿ ಬರುವುದಿಲ್ಲ. ಕೈಬಿಟ್ಟೆ.

ಕೊನೆಗೆ ದೊಡ್ಡದು. ಇದು ರಿಪೀಟರ್ ಮೋಡ್‌ನಲ್ಲಿ ಮುಖ್ಯ ರೌಟರ್ ಜೊತೆ 5ರಲ್ಲಿ ಮಾತಾಡುತ್ತದೆ, ಫೋನ್‌ಗಳಿಗೆ 2.4ರಲ್ಲಿ ಕೊಡುತ್ತದೆ. ಮೊದಲು ಮಗಳ ಮೇಜಿನ ಮೇಲೇ ಇಟ್ಟೆ. ತಪ್ಪು. 5 ಗಿಗಾಹರ್ಟ್ಸ್ ಮಣ್ಣಿನ ಗೋಡೆ ದಾಟಲು ಒದ್ದಾಡುತ್ತದೆ, ಸಿಗ್ನಲ್ ಒಂದು ಕಡ್ಡಿಗೆ ಇಳಿದಿತ್ತು. ಆಮೇಲೆ ತೊಟ್ಟಿ ಕಡೆಯ ಮರದ ಕಿಟಕಿಗೆ ತಂದಿಟ್ಟೆ. ಮುಖ್ಯ ರೌಟರನ್ನೂ ಎದುರು ಕಿಟಕಿಗೆ ಸರಿಸಿದೆ. ಈಗ ಎರಡರ ನಡುವೆ ತೊಟ್ಟಿಯ ಖಾಲಿ ಗಾಳಿ ಮಾತ್ರ. ಮೇಜಿನ ಹತ್ತಿರ ಅಳೆದರೆ 31 ಎಂಬಿಪಿಎಸ್! ಜೋರು ಮಳೆಯಲ್ಲೂ ಅಷ್ಟೇ ಬಂತು. ಇಷ್ಟು ಹತ್ತಿರಕ್ಕೆ ಮಳೆ ಅಡ್ಡಿಯಾಗುವುದಿಲ್ಲ, ಇರಚಲು ತಾಗದಂತೆ ಒಂದು ಗೇಣು ಒಳಗಿಟ್ಟರೆ ಸಾಕು. ಇದರ 2.4ಕ್ಕೆ ಚಾನೆಲ್ 11 ಕೊಟ್ಟಿದ್ದೇನೆ, ಮುಖ್ಯ ರೌಟರ್‌ನ 6ರ ಜೊತೆ ಗುದ್ದಾಡುವುದಿಲ್ಲ.

ನನ್ನ ಆಯ್ಕೆ ಇದೇ. ಸಣ್ಣದು ಡಬ್ಲ್ಯೂಡಿಎಸ್‌ನಲ್ಲೇ ಕಾಫಿ ಕಣದ ಕ್ಯಾಮೆರಾಕ್ಕೆ ಹೋಯಿತು, ಅದಕ್ಕೆ ಅಷ್ಟು ವೇಗ ಧಾರಾಳ. ಮೂರೂ ರೌಟರ್ ಇನ್ವರ್ಟರ್ ಲೈನ್‌ನಲ್ಲಿವೆ. ಅಡಾಪ್ಟರ್‌ಗಳ ಮೇಲೆ ಹೆಸರು ಬರೆದು ಅಂಟಿಸಿದ್ದೇನೆ: ಸಣ್ಣದಕ್ಕೆ 9 ವೋಲ್ಟ್, ದೊಡ್ಡದಕ್ಕೆ 12. ಪಿನ್ ಎರಡಕ್ಕೂ ಕೂರುತ್ತದೆ, ಅದಲುಬದಲಾದರೆ ಸಣ್ಣದು ಸುಟ್ಟೇ ಹೋದೀತು.