ಶಾಲೆಗೆ ನಾಲ್ಕು ಸ್ಟಾರ್, ದಾರಿಗೆ ಒಂದೇ

ಮಗಳನ್ನು ಹೋದ ವರ್ಷ ನಮ್ಮ ಹೋಬಳಿಯ ಸರ್ಕಾರಿ ಕರ್ನಾಟಕ ಪಬ್ಲಿಕ್ ಶಾಲೆಗೆ, ಅದೇ ಎಲ್ಲರೂ ಕೆಪಿಎಸ್ ಅಂತಾರಲ್ಲ ಅಲ್ಲಿಗೆ, ಯುಕೆಜಿಗೆ ಸೇರಿಸಿದೆ. ಈಗ ಅವಳು ಒಂದನೇ ಕ್ಲಾಸು. ಎರಡು ಮಳೆಗಾಲ ಕಳೆದ ಮೇಲೆ ಬರೆಯುತ್ತಿದ್ದೇನೆ. ಶಾಲೆಯ ಹೆಸರು ಹಾಕುವುದಿಲ್ಲ, ಶಿವಮೊಗ್ಗ ಜಿಲ್ಲೆಯ ಮಲೆನಾಡಿನದ್ದು, ಅಷ್ಟು ಸಾಕು.

ಮೊದಲು ಊಟದ ಸುದ್ದಿ, ಯಾಕಂದ್ರೆ ಮನೆಗೆ ಬಂದ ಕೂಡಲೇ ಅವಳು ಹೇಳುವುದೇ ಅದು. ಅನ್ನ ಸಾಂಬಾರು ಬಿಸಿಯಾಗಿರುತ್ತದೆ, ಬೇಳೆ ಕೈಗೆ ಸಿಗುತ್ತದೆ. ಮೊಟ್ಟೆ ಕೊಡುತ್ತಾರೆ, ತಿನ್ನದವರಿಗೆ ಬಾಳೆಹಣ್ಣು. ವಾರದಲ್ಲಿ ಮೂರು ದಿನ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡುತ್ತಾರೆ. ಮನೆಯಲ್ಲಿ ರಾಗಿ ಅಂದ್ರೆ ಮುಖ ಕಿವುಚುವವಳು ಅಲ್ಲಿ ಎರಡು ಲೋಟ ಕುಡಿಯುತ್ತಾಳಂತೆ, ಅಡುಗೆಯ ಅಕ್ಕನೇ ಹೇಳಿದ್ದು.

ಪಾಠವೂ ಚೆನ್ನಾಗಿದೆ. ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿ-ಕಲಿ. ಇದು 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಶುರು ಮಾಡಿದ ಪದ್ಧತಿ. ಮಕ್ಕಳು ತಟ್ಟೆ ಅಂತ ಕರೆಯುವ ಗುಂಪುಗಳಲ್ಲಿ ಕೂತು ತಮ್ಮ ತಮ್ಮ ಕಾರ್ಡು ಎತ್ತಿಕೊಂಡು ಕಲಿಯುತ್ತಾರೆ, ಯಾರು ಎಲ್ಲಿಯವರೆಗೆ ಬಂದಿದ್ದಾರೋ ಅಲ್ಲಿಂದ ಮುಂದಕ್ಕೆ. ನನ್ನ ದೊಡ್ಡ ಮಗ ಖಾಸಗಿ ಶಾಲೆಯಲ್ಲಿ ಅದೇ ವಯಸ್ಸಿಗೆ ಬರೀ ಕಾಪಿ ಬರೆಯುತ್ತಿದ್ದ. ಇವಳು ಗೋಡೆಯ ಮೇಲಿರುವುದನ್ನೆಲ್ಲ ಓದುತ್ತಾಳೆ, ಗೊಬ್ಬರದ ಚೀಲವನ್ನೂ ಬಿಡುವುದಿಲ್ಲ.

ಕೊರತೆ ಇಲ್ಲ ಅಂತಲ್ಲ. ಅತಿಥಿ ಶಿಕ್ಷಕರು ಜಾಸ್ತಿ, ಹಾಗಾಗಿ ಈ ವರ್ಷ ಮಗಳು ಹಚ್ಚಿಕೊಂಡ ಟೀಚರ್ ಮುಂದಿನ ವರ್ಷ ಇರುತ್ತಾರೆ ಅನ್ನುವ ಗ್ಯಾರಂಟಿ ಇಲ್ಲ. ಬೇಸಿಗೆಯಲ್ಲಿ ಶೌಚಾಲಯಕ್ಕೆ ನೀರಿಲ್ಲ. ಇಂಗ್ಲಿಷ್ ಮೀಡಿಯಂ ಅಂತ ಬೋರ್ಡಿದೆ, ಒಳಗೆ ಪಾಠ ನಡೆಯುವುದು ಮುಕ್ಕಾಲು ಪಾಲು ಕನ್ನಡದಲ್ಲಿ. ಮಗುವಿಗೆ ಅರ್ಥವಾಗುತ್ತಿದೆ, ಹಾಗಾಗಿ ಈ ಕೊನೆಯದ್ದಕ್ಕೆ ನಾನು ಮಾರ್ಕ್ಸ್ ಕಳೆಯುವುದಿಲ್ಲ.

ಈಗ ದಾರಿ. ಮನೆಯಿಂದ ಶಾಲೆಗೆ ಆರು ಕಿಲೋಮೀಟರ್. ಶಾಲೆಗೆ ಸ್ವಂತ ವಾಹನ ಇಲ್ಲ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ, ನಿಜ, ಆದರೆ ನಮ್ಮ ಕಡೆ ಓಡುವುದು ಪ್ರೈವೇಟ್ ಬಸ್ಸು, ಅದೂ ಬೆಳಿಗ್ಗೆ ಒಂದು, ಸಂಜೆ ಒಂದು. ದೂರದ ಮಕ್ಕಳಿಗೆ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ 6000 ರೂಪಾಯಿವರೆಗೆ ಸಾರಿಗೆ ಭತ್ಯೆ ಅಂತ ಇದೆ. ಅರ್ಜಿ ಕೊಟ್ಟಿದ್ದೇನೆ, ಇನ್ನೂ ಬಂದಿಲ್ಲ. ಸದ್ಯಕ್ಕೆ ನಾಲ್ಕು ಮನೆಯವರು ಸೇರಿ ಒಂದು ಓಮ್ನಿ ಗೊತ್ತು ಮಾಡಿಕೊಂಡಿದ್ದೇವೆ, ತಲೆಗೆ ತಿಂಗಳಿಗೆ 1100. ಜುಲೈನಲ್ಲಿ ಹಳ್ಳ ಉಕ್ಕಿದ ದಿನ ಅದೂ ಬರಲಿಲ್ಲ. ಆವತ್ತು ರಜೆ ಘೋಷಣೆ ಆಗಿದ್ದು ಒಂಬತ್ತು ಗಂಟೆಗೆ. ಮಗಳು ರೈನ್‌ಕೋಟು ಹಾಕಿಕೊಂಡು ಜಗಲಿಯಲ್ಲಿ ಎಂಟರಿಂದ ಕಾಯುತ್ತಿದ್ದಳು.

ನಮ್ಮೂರಲ್ಲೇ ಒಂದು ಕಿರಿಯ ಪ್ರಾಥಮಿಕ ಶಾಲೆ ಇತ್ತು, ಮನೆಯಿಂದ ಹತ್ತು ನಿಮಿಷ, ಕಾಲುಸಂಕ ದಾಟಿದರೆ ಸಿಗುತ್ತಿತ್ತು. ನಾನು ಓದುವಾಗ 43 ಮಕ್ಕಳಿದ್ದೆವು. ಕೊನೆಯ ವರ್ಷ ಮೂವರು, ಅದರಲ್ಲಿ ಇಬ್ಬರು ಅಣ್ಣ ತಂಗಿ. ಮುಚ್ಚಿದೆವು ಅಂತ ಯಾರೂ ಹೇಳುವುದಿಲ್ಲ. ಕಾಗದದಲ್ಲಿ ಅದು ಶೂನ್ಯ ದಾಖಲಾತಿ. ಮೇಷ್ಟ್ರು ಕೆಟ್ಟವರಾಗಿದ್ದರಾ? ಇಲ್ಲ ಮಾರಾಯ್ರೇ, ಒಳ್ಳೆಯವರು. ಆದರೆ ಆ ಶಾಲೆ ಮಗುವನ್ನು ಸೇರಿಸಿಕೊಳ್ಳುವುದು ಒಂದನೇ ಕ್ಲಾಸಿಗೆ, ಖಾಸಗಿಯವರ ಹಳದಿ ವ್ಯಾನು ಮೂರೂವರೆ ವರ್ಷಕ್ಕೇ ಎಲ್‌ಕೆಜಿಗೆ ಅಂತ ಗೇಟಿಗೆ ಬಂದು ನಿಲ್ಲುತ್ತದೆ. ಒಮ್ಮೆ ಹತ್ತಿದ ಮಗು ವಾಪಸ್ ಬರಲ್ಲ. ಅದರ ಮೇಲೆ 2012ರಿಂದ ಆರ್‌ಟಿಇಯಲ್ಲಿ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಬಡಮಕ್ಕಳಿಗೆ ಮೀಸಲಾದ 25 ಪರ್ಸೆಂಟ್ ಸೀಟಿಗೆ ಸರ್ಕಾರವೇ ಖಾಸಗಿ ಶಾಲೆಗೆ ಫೀಸು ಕಟ್ಟಿತು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಆ ಸೀಟು ಇಲ್ಲ ಅಂತ 2019ರಲ್ಲಿ ನಿಯಮ ಬದಲಾಗುವ ಹೊತ್ತಿಗೆ ನಮ್ಮ ಶಾಲೆ ಅರ್ಧ ಖಾಲಿ ಆಗಿತ್ತು. ಸುಮ್ನೆ ಸರ್ಕಾರವನ್ನೇ ಬೈದು ಪ್ರಯೋಜನ ಇಲ್ಲ ಬಿಡಿ, ನನ್ನ ಮಗನನ್ನೂ ಅದೇ ವ್ಯಾನು ಹತ್ತಿಸಿದವನು ನಾನೇ. ಮನೆಬಾಗಿಲಿಗೆ ಬರುತ್ತೆ, ಟೈ ಕಟ್ಟಿಕೊಂಡು ಹೋಗ್ತಾನೆ, ಅಷ್ಟೇ ನೋಡಿದ್ದು. ಮೇಷ್ಟ್ರು ಎರಡು ಸಲ ಮನೆಗೆ ಬಂದು ಕೇಳಿದ್ದರು. ಕಾಫಿ ಕೊಟ್ಟು ಕಳಿಸಿದೆ.

2018-19ರಲ್ಲಿ ಕೆಪಿಎಸ್ ಶುರು ಮಾಡಿದರು, ಆಮೇಲೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಾಂಪೌಂಡು ಅಂದರು. ಎಲ್‌ಕೆಜಿ ಸೇರಿಸಿದ್ದು ಸರಿಯಾದ ಮದ್ದು, ಅದಕ್ಕೇ ಅಲ್ಲಿ ಮಕ್ಕಳು ತುಂಬಿದ್ದಾರೆ. ವ್ಯಾನಿನ ವಿಷಯ ಮಾತ್ರ ಮರೆತರು. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ಆರ್‌ಟಿಇ ನಿಯಮವೇ ಇದೆ. ನಮ್ಮಲ್ಲಿ ಆ ಒಂದು ಕಿಲೋಮೀಟರಿನಲ್ಲಿ ಇರುವುದು ಬೀಗ ಹಾಕಿದ ಕಟ್ಟಡ, ವೋಟಿನ ದಿನ ಬಾಗಿಲು ತೆಗೆಯುತ್ತಾರೆ.

ಹಾಗಾದರೆ ಸೇರಿಸಬಹುದಾ? ಎರಡು ಕಿಲೋಮೀಟರ್ ಒಳಗಿದ್ದರೆ ಕಣ್ಣು ಮುಚ್ಚಿ ಸೇರಿಸಿ. ಎಲ್‌ಕೆಜಿ ಸೀಟು ಕಡಿಮೆ, ನಮ್ಮಲ್ಲಿ ಚೀಟಿ ಎತ್ತಿದರು, ಬೇಗ ಅರ್ಜಿ ಹಾಕಿ. ದೂರದವರು ಏಪ್ರಿಲ್‌ನಲ್ಲೇ ಅಕ್ಕಪಕ್ಕದವರನ್ನು ಕೂಡಿಸಿಕೊಂಡು ಓಮ್ನಿ ಮಾತಾಡಿ, ಹಳ್ಳದ ಈಚೆ ದಡದವರೆಗಾದರೂ ಬರುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಜೂನ್‌ನಲ್ಲಿ ಕೇಳಿದರೆ 1500 ಅಂತಾರೆ.