ವಾರದ ದಿನದ ಫ್ರೆಂಚ್ ಬಟಾಣಿ: ಹಸಿಯದೋ, ಫ್ರೋಜನ್ನೋ, ಡಬ್ಬಿಯದೋ?

ಬಟಾಣಿ, ಲೆಟ್ಯೂಸ್, ಸಣ್ಣ ಈರುಳ್ಳಿ, ಬೆಣ್ಣೆ, ಚಿಟಿಕೆ ಸಕ್ಕರೆ, ಸ್ವಲ್ಪ ನೀರು. ಫ್ರೆಂಚರ ‘ಪೆತಿ ಪ್ವಾ ಆ ಲಾ ಫ್ರಾನ್ಸೇಸ್’ ಅಂದರೆ ಇಷ್ಟೇ. ಒಗ್ಗರಣೆಯಿಲ್ಲ, ಮಸಾಲೆಯಿಲ್ಲ, ಎಡವಟ್ಟಾದರೆ ಮುಚ್ಚಿಕೊಳ್ಳಲು ಏನೂ ಇಲ್ಲ. ಕೆಲಸ ಮುಗಿಸಿ ಬಂದು ಅರ್ಧ ಗಂಟೆಯೊಳಗೆ ಮಾಡಬೇಕೆಂದರೆ ಯಾವ ಬಟಾಣಿ, ಯಾವ ಕ್ರಮ ಅನ್ನುವುದೇ ಮುಖ್ಯ. ಕೆಳಗಿನ ಹೋಲಿಕೆಗೆ 28 ಸೆಂ.ಮೀ. ಅಗಲದ, ದಪ್ಪ ತಳದ, ಮುಚ್ಚಳವಿರುವ ಬಾಣಲೆ. ಅಳತೆ ನಾಲ್ಕು ಜನಕ್ಕೆ.

ಹಳೆಯ ಕ್ರಮದಲ್ಲಿ ಎಲ್ಲವೂ ಒಟ್ಟಿಗೇ ಪಾತ್ರೆಗೆ ಬೀಳುತ್ತದೆ. ಸುಲಿದ ಹಸಿ ಬಟಾಣಿ 400 ಗ್ರಾಂ (ಇದಕ್ಕೆ ಕಾಯಿ ಸುಮಾರು 1 ಕೆ.ಜಿ. ಬೇಕು), ಸಿಪ್ಪೆ ತೆಗೆದ ಸಾಂಬಾರ್ ಈರುಳ್ಳಿ 12, ನಾಲ್ಕು ಸೀಳಾಗಿ ಕತ್ತರಿಸಿ ದಾರ ಕಟ್ಟಿದ ಲೆಟ್ಯೂಸ್ ಗಡ್ಡೆ ಒಂದು, ಬೆಣ್ಣೆ 40 ಗ್ರಾಂ, ಸಕ್ಕರೆ 1 ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ನೀರು 100 ಮಿ.ಲೀ. ಮುಚ್ಚಿ ಸಣ್ಣ ಉರಿಯಲ್ಲಿ 25ರಿಂದ 30 ನಿಮಿಷ. ಮುಚ್ಚಳದ ಬದಲು ತಣ್ಣೀರು ತುಂಬಿದ ಗುಳಿ ತಟ್ಟೆಯನ್ನು ಬಾಣಲೆಯ ಮೇಲಿಡುವುದು ಅಲ್ಲಿನ ಹಳೆಯ ಉಪಾಯ: ಹಬೆ ತಟ್ಟೆಯ ತಳಕ್ಕೆ ತಾಗಿ ಹನಿಯಾಗಿ ಮತ್ತೆ ಬಟಾಣಿಯ ಮೇಲೆಯೇ ಬೀಳುತ್ತದೆ, ನೀರು ಬತ್ತುವುದಿಲ್ಲ. ಹೀಗೆ ಬೆಂದ ಬಟಾಣಿ ಕಡುಹಸಿರಾಗಿರುವುದಿಲ್ಲ, ಮಾಸಲು ಹಸಿರಿಗೆ ತಿರುಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ತರಕಾರಿಯ ಹುಳಿ ಅಂಶ ಹೊರಹೋಗದೆ ಹಸಿರು ಬಣ್ಣವನ್ನು ಕೆಡಿಸುತ್ತದೆ. ಇಲ್ಲಿ ಅದು ದೋಷವಲ್ಲ. ಬಣ್ಣ ಉಳಿಸಲೆಂದು ಅಡುಗೆ ಸೋಡಾ ಹಾಕಿದರೆ ಮಾತ್ರ ಸಿಪ್ಪೆ ಕರಗಿ ಕಾಳು ಮುದ್ದೆಯಾಗುತ್ತದೆ.

ರುಚಿಯಲ್ಲಿ ಇದಕ್ಕೆ ಸಾಟಿಯಿಲ್ಲ, ಒಂದು ಷರತ್ತಿನ ಮೇಲೆ: ಕಾಯಿ ಕಿತ್ತು ಹೆಚ್ಚು ಹೊತ್ತಾಗಿರಬಾರದು. ಕಿತ್ತ ಕ್ಷಣದಿಂದ ಬಟಾಣಿಯ ಸಕ್ಕರೆ ಪಿಷ್ಟವಾಗಲು ಶುರುವಾಗುತ್ತದೆ. 1660ರ ಜನವರಿಯಲ್ಲಿ ಇಟಲಿಯಿಂದ ಬಂದ ಎಳೆ ಬಟಾಣಿಯನ್ನು ಫ್ರಾನ್ಸಿನ ರಾಜ 14ನೇ ಲೂಯಿಯ ಮುಂದಿಟ್ಟಾಗ ಇಡೀ ಆಸ್ಥಾನ ಬೆರಗಾಯಿತು. 1696ರಲ್ಲೂ ಆ ಹುಚ್ಚು ಇಳಿದಿರಲಿಲ್ಲ. ರಾಜನ ಜೊತೆ ಚೆನ್ನಾಗಿ ಉಂಡ ಹೆಂಗಸರು ಮನೆಗೆ ಹೋಗಿ ಮಲಗುವ ಮುನ್ನ ಮತ್ತೆ ಬಟಾಣಿ ತಿನ್ನುತ್ತಾರೆಂದು ಅವನ ಎರಡನೇ ಹೆಂಡತಿ ಮದಾಮ್ ದ ಮಾಂತೆನೊ ಪತ್ರದಲ್ಲಿ ಬರೆದಿದ್ದಾಳೆ. ಅವರು ಮರುಳಾದದ್ದು ಆ ಎಳೆಯ ಸಿಹಿಗೆ. ನಮ್ಮ ಮಾರುಕಟ್ಟೆಗೆ ಚಳಿಗಾಲದಲ್ಲಿ ಬರುವ ಕಾಯಲ್ಲೂ ಅದು ಸಿಗುತ್ತದೆ. ಹಸಿ ಕಾಳನ್ನು ಬಾಯಿಗೆ ಹಾಕಿ ನೋಡಿ: ಸಿಹಿಯಾಗಿದ್ದರೆ ಈ ಕ್ರಮ, ಹಿಟ್ಟು ಹಿಟ್ಟಾಗಿದ್ದರೆ ಸಾಗುವಿಗಿಡಿ. ಸುಲಿಯುವುದಕ್ಕೇ ಇಪ್ಪತ್ತು ನಿಮಿಷ ಹೋಗುತ್ತದೆ ಅನ್ನುವುದನ್ನೂ ಮರೆಯಬಾರದು. ಹಾಗಾಗಿ ಇದು ಭಾನುವಾರದ ಅಡುಗೆ.

ವಾರದ ದಿನಕ್ಕೆ ನಮ್ಮ ಮತ ಫ್ರೋಜನ್‌ಗೇ. ಕಿತ್ತ ಕೆಲವೇ ಗಂಟೆಗಳಲ್ಲಿ ಬಿಸಿನೀರಿನಲ್ಲಿ ಅದ್ದಿ ಹೆಪ್ಪುಗಟ್ಟಿಸಿದ ಬಟಾಣಿ, ಎರಡು ದಿನ ಬುಟ್ಟಿಯಲ್ಲಿ ಕೂತ ಹಸಿ ಬಟಾಣಿಗಿಂತ ಸಿಹಿ. ಆದರೆ ಹಳೆಯ ಕ್ರಮವನ್ನೇ ಇದಕ್ಕೂ ಹಚ್ಚುವುದರಿಂದ ಅಡುಗೆ ಹಾಳಾಗುತ್ತದೆ. ಹಸಿ ಬಟಾಣಿಗೂ ಇಡೀ ಈರುಳ್ಳಿಗೂ ಬೇಯಲು ಹೆಚ್ಚುಕಡಿಮೆ ಒಂದೇ ಹೊತ್ತು ಬೇಕು, ಅದಕ್ಕೇ ಅಲ್ಲಿ ಎಲ್ಲವೂ ಒಟ್ಟಿಗೆ. ಫ್ರೋಜನ್ ಬಟಾಣಿ ಆಗಲೇ ಅರೆಬೆಂದಿರುತ್ತದೆ. ಈರುಳ್ಳಿ ಬೇಯುವವರೆಗೆ ಅದನ್ನೂ ಕುದಿಸಿದರೆ ಸಿಪ್ಪೆ ಬೇರೆ, ತಿರುಳು ಬೇರೆ. ಕ್ರಮ ತಿರುಗಿಸಿ. 25 ಗ್ರಾಂ ಬೆಣ್ಣೆಯಲ್ಲಿ ಈರುಳ್ಳಿ, ಸಕ್ಕರೆ, ಉಪ್ಪು ಹಾಕಿ ಎರಡು ನಿಮಿಷ ಬಾಡಿಸಿ, ಕೆಂಪಾಗಬಾರದು. 60 ಮಿ.ಲೀ. ನೀರು ಸುರಿದು ಮುಚ್ಚಿ 10 ನಿಮಿಷ; ಚಾಕುವಿನ ತುದಿ ಸಲೀಸಾಗಿ ಇಳಿಯಬೇಕು. ಆಮೇಲೆ 400 ಗ್ರಾಂ ಬಟಾಣಿ, ಫ್ರೀಜರಿನಿಂದ ನೇರವಾಗಿ, ದೊಡ್ಡ ಉರಿಯಲ್ಲಿ, ಮುಚ್ಚಳ ತೆಗೆದು 4 ನಿಮಿಷ. ಕೊನೆಯ ಒಂದು ನಿಮಿಷಕ್ಕೆ ಬೆರಳಗಲ ಹೆಚ್ಚಿದ ಲೆಟ್ಯೂಸ್. ಒಲೆ ಆರಿಸಿ, ಉಳಿದ 15 ಗ್ರಾಂ ತಣ್ಣನೆಯ ಬೆಣ್ಣೆ ಹಾಕಿ ಬಾಣಲೆ ಆಡಿಸಿದರೆ ತಳದ ನೀರು ಹೊಳೆಯುವ ತೆಳು ಸಾಸ್ ಆಗುತ್ತದೆ.

ನೀರು ಜಾಸ್ತಿಯಾಗುವುದೇ ಇಲ್ಲಿ ದೊಡ್ಡ ತೊಂದರೆ. ಬಟಾಣಿಯ ಮೇಲಿನ ಮಂಜು, ಲೆಟ್ಯೂಸಿನ ನೀರು ಸೇರಿ ಕಿರಿದಾದ ಪಾತ್ರೆಯಲ್ಲಿ ಸಾರಾಗಿಬಿಡುತ್ತದೆ. ಆಗ ಬತ್ತಿಸಲು ನಿಲ್ಲಬೇಡಿ, ಬಟಾಣಿ ಕಾಯುವುದಿಲ್ಲ. ಒಂದು ಟೀ ಚಮಚ ಬೆಣ್ಣೆಗೆ ಅಷ್ಟೇ ಮೈದಾ ಕಲಸಿ ಕುದಿಯುವ ನೀರಿಗೆ ಹಾಕಿ ಒಂದು ನಿಮಿಷ ತಿರುವಿ, ಸಾಸ್ ಕಟ್ಟಿಕೊಳ್ಳುತ್ತದೆ. ಇನ್ನೊಂದು ದೂರು, ಕಾಳು ಸುಕ್ಕಾಗುವುದು. ಬಿಸಿ ಬಟಾಣಿಯನ್ನು ಸೋಸಿ ಗಾಳಿಗೆ ಬಿಟ್ಟರೆ ಹಾಗಾಗುತ್ತದೆ, ಸಾಸಿನಲ್ಲೇ ಇರಲಿ.

ಸಾಂಬಾರ್ ಈರುಳ್ಳಿ ಸುಲಿಯಲು ಬೇಸರವಾದರೆ ಕುದಿಯುವ ನೀರಿನಲ್ಲಿ ಒಂದು ನಿಮಿಷ ಬಿಟ್ಟು ತೆಗೆಯಿರಿ, ಸಿಪ್ಪೆ ಜಾರುತ್ತದೆ. ಅದಕ್ಕೂ ಪುರುಸೊತ್ತಿಲ್ಲವೇ? ಈರುಳ್ಳಿ ಹೂವಿನ ಬಿಳಿ ಭಾಗ ಹೆಚ್ಚಿ ಹಾಕಿದರೆ ನಾಲ್ಕೇ ನಿಮಿಷ. ಇಡೀ ಅಡುಗೆ 12 ನಿಮಿಷಕ್ಕೆ ಮುಗಿಯುತ್ತದೆ, ಈರುಳ್ಳಿಯ ಆಳವಾದ ಸಿಹಿ ಮಾತ್ರ ಕಡಿಮೆ.

ಡಬ್ಬಿ ಬಟಾಣಿಯನ್ನು ಫ್ರಾನ್ಸಿನಲ್ಲಿ ಯಾರೂ ಕೀಳಾಗಿ ನೋಡುವುದಿಲ್ಲ. ಲೆಟ್ಯೂಸ್, ಈರುಳ್ಳಿ ಸೇರಿಸಿಯೇ ತುಂಬಿದ ಡಬ್ಬಿಗಳು ಅಲ್ಲಿನ ಅಂಗಡಿಗಳಲ್ಲಿ ಸಾಮಾನ್ಯ. ಮೆತ್ತಗಿರುತ್ತದೆ, ರುಚಿಯೇ ಬೇರೆ. ಇಲ್ಲಿ ಕೊಳ್ಳುವಾಗ ಚೀಟಿ ಓದಿ: ಒಣ ಬಟಾಣಿ ನೆನೆಸಿ ತುಂಬಿದ್ದಾದರೆ ಈ ಅಡುಗೆಗೆ ಬೇಡ.

ಪ್ರೆಶರ್ ಕುಕ್ಕರ್? ಒಂದೇ ಸೀಟಿಗೆ ಎಳೆ ಬಟಾಣಿ ಮಿತಿಮೀರಿ ಬೇಯುತ್ತದೆ, ಸಾಸ್ ಕಟ್ಟುವುದೂ ಇಲ್ಲ.

ಸೊಪ್ಪಿನ ಆಯ್ಕೆ ಅಂದುಕೊಂಡಷ್ಟು ಸಣ್ಣ ವಿಷಯವಲ್ಲ. ಬೆಣ್ಣೆಯಂತೆ ಮೃದುವಾದ ಎಲೆಯ ಬಟರ್‌ಹೆಡ್ ಕರಗಿ ಸಾಸಿನಲ್ಲಿ ಸೇರುತ್ತದೆ, ಇದೇ ಮೊದಲ ಆಯ್ಕೆ. ರೊಮೇನ್ ಹಾಕಿದರೆ ದಂಟು ಸ್ವಲ್ಪ ಗರಿಗರಿಯಾಗಿ ಉಳಿಯುತ್ತದೆ. ಫ್ರೋಜನ್ ಕ್ರಮಕ್ಕೆ ನಮಗೆ ಇದೇ ಹೆಚ್ಚು ಹಿಡಿಸಿತು. ಐಸ್‌ಬರ್ಗ್ ಎಲ್ಲೆಡೆ ಸಿಗುತ್ತದೆ, ಆದರೆ ನೀರೇ ಹೆಚ್ಚು. ಅದನ್ನೇ ಬಳಸುವುದಾದರೆ ಈರುಳ್ಳಿಯ ನೀರನ್ನು 40 ಮಿ.ಲೀ.ಗೆ ಇಳಿಸಿ. ಎಲೆಕೋಸಿನ ವಾಸನೆ ಬಟಾಣಿಯನ್ನು ನುಂಗುತ್ತದೆ. ಪಾಲಕ್ ಹಾಕಿದರೆ ಅದು ಬೇರೆಯೇ ಪಲ್ಯ. ಕೊತ್ತಂಬರಿಯೂ ಬೇಡ, ಪಾರ್ಸ್‌ಲಿ ಸಾಕು. ನಿಂಬೆ ಬೇಕೆನಿಸಿದರೆ ತಟ್ಟೆಯಲ್ಲಿ ಹಿಂಡಿಕೊಳ್ಳಿ, ಬಾಣಲೆಯಲ್ಲಲ್ಲ.

ಹಂದಿಮಾಂಸ ತಿನ್ನುವವರಿಗೆ ‘ಬಾನ್ ಫಾಮ್’ ಅನ್ನುವ ಇನ್ನೊಂದು ಬಗೆಯಿದೆ: ಮೊದಲು 100 ಗ್ರಾಂ ಬೇಕನ್ ತುಂಡು ಹುರಿದು, ಅದರ ಕೊಬ್ಬಿನಲ್ಲೇ ಈರುಳ್ಳಿ, ಮೇಲೆ ಒಂದು ಚಮಚ ಮೈದಾ, 150 ಮಿ.ಲೀ. ಸ್ಟಾಕ್ (ಮೂಳೆ ಅಥವಾ ತರಕಾರಿ ಕುದಿಸಿ ಸೋಸಿದ ನೀರು). ಉಪ್ಪು ಕೊನೆಗೆ ರುಚಿ ನೋಡಿಯೇ ಹಾಕಬೇಕು. ಇದೊಂದೇ ಊಟಕ್ಕೆ ಸಾಲುವಷ್ಟು ಗಟ್ಟಿ. ಮೊದಲಿನದಕ್ಕೆ ಜೊತೆ ಬೇಕು: ಬ್ರೆಡ್, ಬೆಣ್ಣೆ ಕಲಸಿದ ಅನ್ನ, ಅಥವಾ ಮೇಲೊಂದು ಅರೆಬೆಂದ ಮೊಟ್ಟೆ. ಚಪಾತಿಗೆ ಸಾಸ್ ತೆಳುವಾಯಿತು ಅನ್ನಿಸಿದರೆ ಬೆಣ್ಣೆ-ಮೈದಾ ಉಪಾಯವೇ ಸರಿ.

ಮಿಕ್ಕಿದ್ದನ್ನು ಮರುದಿನ ಬಿಸಿ ಮಾಡಿದರೆ ಬಣ್ಣವೂ ಹದವೂ ಕೆಡುತ್ತವೆ. 200 ಮಿ.ಲೀ. ನೀರು ಸೇರಿಸಿ ಮಿಕ್ಸಿಯಲ್ಲಿ ತಿರುವಿ, ಜರಡಿಯಲ್ಲಿ ಸೋಸಿ, ಒಂದು ಕುದಿ ಬರಿಸಿ ಸೂಪ್ ಮಾಡಿಕೊಳ್ಳಿ.