ಕಸಿ ಆದ ಮೇಲೆ ಸಿಎಂವಿ ಕಾಟ: ಮೊದಲೇ ಮಾತ್ರೆಯೋ, ವಾರವಾರ ಪರೀಕ್ಷೆಯೋ?

ಮೊದಲು ಒಂದು ವಿಷಯ ಕೇಳಿಕೊಳ್ಳಿ. ಸಿಎಂವಿ (ಸೈಟೋಮೆಗಾಲೋವೈರಸ್) ಅಂದರೆ ರೋಗನಿರೋಧಕ ಶಕ್ತಿ ಕುಗ್ಗಿದಾಗ ಕಾಯಿಲೆ ತರಬಲ್ಲ ಸಾಮಾನ್ಯ ವೈರಸ್. ಅಂಗ ಕೊಟ್ಟವರಲ್ಲಿ ಅದು ಇದ್ದು, ಪಡೆದವರಿಗೆ ಹಿಂದೆಂದೂ ತಗುಲಿರದಿದ್ದರೆ ಅಪಾಯ ಎಲ್ಲರಿಗಿಂತ ಜಾಸ್ತಿ.

ಕಾಯಿಲೆ ತಡೆಯಲು ಎರಡು ದಾರಿ. ಸುಲಭ ಅಂದರೆ, ಮೊದಲೇ ಶುರು ಮಾಡುವ, ವೈರಸ್ ತಡೆಯುವ ವಾಲ್‌ಗ್ಯಾನ್‌ಸಿಕ್ಲೋವಿರ್ ಮಾತ್ರೆ. ಸಾಮಾನ್ಯವಾಗಿ ದಿನಕ್ಕೊಂದು ಡೋಸ್, 3ರಿಂದ 6 ತಿಂಗಳು. ಆದರೆ ಬಿಳಿ ರಕ್ತಕಣ ಇಳಿಯಬಹುದು. ಮಾತ್ರೆ ನಿಲ್ಲಿಸಿದ ಮೇಲೆ ಕಾಯಿಲೆ ತಡವಾಗಿ ಬರುವುದೂ ಉಂಟು, ಯಾಕೆಂದರೆ ಅಷ್ಟು ದಿನ ವೈರಸ್ಸಿನ ಮುಖವನ್ನೇ ಸರಿಯಾಗಿ ನೋಡದ ಟಿ ಕೋಶಗಳು (ವೈರಸ್ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಅದನ್ನು ಎದುರಿಸಲು ಪಳಗಿರುವುದಿಲ್ಲ.

ಇನ್ನೊಂದು ದಾರಿಯಲ್ಲಿ ವಾರಕ್ಕೊಮ್ಮೆ ರಕ್ತದಲ್ಲಿ ವೈರಸ್ ಇದೆಯೇ ಎಂದು ನೋಡುವ ಪಿಸಿಆರ್ ಪರೀಕ್ಷೆ, ವೈರಸ್ ಕಂಡ ಕೂಡಲೇ ಔಷಧಿ. ಇಲ್ಲಿ ಟಿ ಕೋಶಗಳಿಗೆ ಸ್ವಲ್ಪ ಅಭ್ಯಾಸವಾಗುತ್ತದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲು ಹೇಳಿದಂಥ ಹೆಚ್ಚಿನ ಅಪಾಯವಿದ್ದ ಲಿವರ್ ಕಸಿಯವರ ಪೈಕಿ ಮಾತ್ರೆಯ ಗುಂಪಿನಲ್ಲಿ ಶೇ. 19, ಪರೀಕ್ಷೆಯ ಗುಂಪಿನಲ್ಲಿ ಶೇ. 9 ಮಂದಿಗೆ ಕಾಯಿಲೆ ಬಂತು. ಆದರೆ ಒಂದು ವಾರವೂ ತಪ್ಪಿಸುವಂತಿಲ್ಲ, ಇಂಥವರಲ್ಲಿ ವೈರಸ್ ಒಂದೇ ದಿನದಲ್ಲಿ ದುಪ್ಪಟ್ಟಾಗಬಲ್ಲದು!

ಲ್ಯಾಬ್ ದೂರ, ವರದಿ ತಡ ಅಂದರೆ ಮಾತ್ರೆಯೇ ಸರಿ. ಶ್ವಾಸಕೋಶ ಕಸಿಗೂ ಅಷ್ಟೇ. ಲಿವರ್ ಕಸಿಯಾಗಿ, ಬಿಳಿ ರಕ್ತಕಣ ಮೊದಲೇ ಕಮ್ಮಿಯಿದ್ದು, ವರದಿ ಬೇಗ ಸಿಗುವಂತಿದ್ದರೆ ಪರೀಕ್ಷೆಯ ದಾರಿ ಬಗ್ಗೆ ಡಾಕ್ಟರ್ ಹತ್ತಿರ ಖಂಡಿತ ಕೇಳಿ. ಸುಮ್ನೆ ನೀವೇ ಮಾತ್ರೆ ನಿಲ್ಲಿಸಬೇಡಿ.